ಮೇಷ್ಟ್ರು ಅಳಿಸಿದ ಖಾಲಿ ಹಾಳೆಗಳು

ಟೈಪಿಂಗ್ ಮೇಷ್ಟ್ರ ಶಾಲೆ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಬೆರಳುಗಳಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ, ಎಲ್ಲರೂ ಕೈಬಿಟ್ಟ ಹಳೆಯ ಆಫೀಸ್ ಸಾಫ್ಟ್‌ವೇರುಗಳನ್ನು ದಾರಿಗೆ ತರುವುದು ಈಗಿನ ಕಸುಬು. “ಹಳೇದು ಬಿಸಾಕಿ, ಹೊಸದು ಹಾಕಿಸಿ” ಎನ್ನುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಯಾವ ಮನೆಗೆ ಹೋದರೂ ಮೊದಲ ದಿನವೇ ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಿಟ್ಟು ಬರುತ್ತಿದ್ದರು: ಸೇವ್ ಮಾಡಿದಾಗಲೆಲ್ಲ ಬರಹದ ಹಿಂದಿನ ರೂಪದ ಒಂದು ಪ್ರತಿ ಪಕ್ಕದಲ್ಲಿ ಉಳಿಯಲಿ ಎಂದು. ಇನ್ನೊಂದು ಚಾಳಿಯೂ ಇತ್ತು. ಎಂಟರ್ ಒತ್ತಿ ಒತ್ತಿ ಜಾಗ ಬಿಡುವವರನ್ನು ಕಂಡರೆ ಹಲ್ಲು ಕಡಿಯುವುದು.

ಆ ಮಧ್ಯಾಹ್ನ ನಿವೃತ್ತ ನರ್ಸಮ್ಮ ಕರೆಸಿದ್ದು ಸಣ್ಣ ತೊಂದರೆಗೆ. ಪ್ರಿಂಟ್ ತೆಗೆದರೆ ಬಲಗಡೆಯ ಅಕ್ಷರಗಳು ಕತ್ತರಿಸಿ ಹೋಗುತ್ತಿದ್ದವು. ಹಾಳೆಯ ಅಳತೆ ತಪ್ಪಾಗಿತ್ತು. ಎರಡು ನಿಮಿಷದ ಕೆಲಸ. ನರ್ಸಮ್ಮ ಚಹಾಕ್ಕೆ ನೀರಿಡಲು ಒಳಗೆ ಹೋದರು. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು, ಅದರ ಜೊತೆಗೇ ಬಿಸಿಲೂ ಮಾನಿಟರಿನ ಮೇಲೆ ಬಂದು ಹೋಗುತ್ತಿತ್ತು. ಮೇಷ್ಟ್ರು ಪುಟಗಳನ್ನು ಸರಿಸುತ್ತ ಹೋದರು. ನಾಲ್ಕು ಸಾಲು ಬರಹ, ಆಮೇಲೆ ಬಿಳುಪು. ಮತ್ತೆ ಬರಹ, ಮತ್ತೆ ಬಿಳುಪು. ಬಿಳಿ ಹಾಳೆಗಳು ಒಂದರ ಹಿಂದೊಂದು ತೇಲಿ ಹೋಗುತ್ತಿದ್ದರೆ ಕಣ್ಣೆವೆ ಭಾರವಾಯಿತು, ತಾವು ಕುರ್ಚಿಯಲ್ಲಿದ್ದೇವೋ ಹಾಳೆಯೊಳಗೆ ನಡೆಯುತ್ತಿದ್ದೇವೋ ತಿಳಿಯದಾಯಿತು. ಆ ಮಂಪರಿನಲ್ಲೇ ಬೆರಳು ತನ್ನ ಬುದ್ಧಿ ತೋರಿಸಿತು. ಒಂದೇ ಆಜ್ಞೆಗೆ ಖಾಲಿ ಸಾಲುಗಳೆಲ್ಲ ಮಾಯ. ನಲವತ್ತು ಪುಟ ಇಪ್ಪತ್ತೊಂದಾಯಿತು. ಸೇವ್ ಮಾಡಿದರು, ಪ್ರಿಂಟ್ ಕೊಟ್ಟರು, ಮುಚ್ಚಿದರು.

ಚಹಾ ತಂದ ನರ್ಸಮ್ಮ ಹಾಳೆಗಳನ್ನು ತಿರುವಿ ಹಾಕಿದರು. ಕೈ ನಿಂತಿತು.

“ಮೇಷ್ಟ್ರೇ, ನನ್ನ ತಂಗಿ ಜಾಗ ಎಲ್ಲಿ?”

“ಯಾವ ಜಾಗಮ್ಮಾ?”

“ನಮ್ಮಮ್ಮನ ಕಥೆ ಇದು. ನಂಗೆ ನೆನಪಿರೋದು ನಾನು ಬರೆದು, ಅವಳಿಗೆ ನೆನಪಿರೋದಕ್ಕೆ ಜಾಗ ಬಿಟ್ಟಿದ್ದೆ. ಎಲ್ಲಿ ಎಷ್ಟು ಅಂತ ಯೋಚನೆ ಮಾಡಿ ಮಾಡಿ ಬಿಟ್ಟಿದ್ದು. ನಾಲ್ಕು ವರ್ಷದಿಂದ ಮಾತಿಲ್ಲ ನಮ್ಮಿಬ್ಬರಿಗೂ. ನಾಳೆ ಬರ್ತಾಳೆ. ಇದನ್ನ ನೋಡಿದ್ರೆ, ಎಲ್ಲಾ ಅಕ್ಕನೇ ಹೇಳಿ ಮುಗಿಸಿಬಿಟ್ಟಿದ್ದಾಳೆ ಅಂದ್ಕೊಳ್ಳಲ್ವಾ?”

ಯಾರೂ ಕೇಳದ ಉಪಕಾರ ಮಾಡಿ ಬೇರೆಯವರ ಮನೆಯ ಮಾತು ಕೆಡಿಸಿದೆನಲ್ಲಾ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಹಿಂದಿನ ಪ್ರತಿ ಇರುತ್ತದೆ, ನಿಜ. ಆದರೆ ಅದು ಒಂದೇ ಹೆಜ್ಜೆ ಹಿಂದಿನದು. ಮುಚ್ಚುವಾಗ ಕಂಪ್ಯೂಟರು “ಉಳಿಸಲೇ?” ಎಂದು ಮತ್ತೊಮ್ಮೆ ಕೇಳಿತ್ತು. ಬರೀ ಪ್ರಿಂಟ್ ತೆಗೆದಿದ್ದರೆ ‘ಬೇಡ’ ಎನ್ನಿ ಎಂದು ಊರಿಗೆಲ್ಲ ಬುದ್ಧಿ ಹೇಳುವವರು, ಆ ಮಂಪರಿನಲ್ಲಿ ತಾವು ಏನು ಒತ್ತಿದ್ದರು? ‘ಹೌದು’ ಎಂದಿದ್ದರೆ ಎರಡನೇ ಸಲ ಸೇವ್ ಆಗಿ ಆ ಪ್ರತಿಯೂ ಇಪ್ಪತ್ತೊಂದೇ ಪುಟ.

ದೇವರೇ ಎಂದುಕೊಂಡು ಆ ಪ್ರತಿಯನ್ನು ತೆರೆದರು. ಪುಟಗಳ ಸಂಖ್ಯೆ ಏರುತ್ತ ಹೋಯಿತು. ಇಪ್ಪತ್ತೊಂದಕ್ಕೆ ನಿಲ್ಲಲಿಲ್ಲ. ನಲವತ್ತು.

“ಇದೆ! ಎಲ್ಲಾ ಇದೆಯಮ್ಮಾ!”

ನರ್ಸಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಇಬ್ಬರೂ ಬಿಳಿ ಪುಟಗಳನ್ನು ನಿಧಾನವಾಗಿ ನೋಡುತ್ತ ಹೋದರು, ಅಲ್ಲಿ ಆಗಲೇ ಏನೋ ಬರೆದಿದೆ ಎಂಬಂತೆ. ಕೊನೆಗೆ ಒಂದು ಸಾಲು ಬಂತು: ‘ಅಮ್ಮ ಹೋದ ದಿನ ನಾನು ಡ್ಯೂಟಿಗೆ ಹೋಗಿದ್ದೆ.’ ಅದರ ಕೆಳಗೆ ಮೂರು ಪುಟ ಖಾಲಿ.

“ಇಲ್ಲಿ ಇಷ್ಟೊಂದ್ಯಾಕೆ?”

“ಅವಳೊಬ್ಬಳೇ ಇದ್ದಳು ಅವತ್ತು. ನನ್ನ ಬೈಯೋಕೆ ಜಾಗ ಬೇಕಲ್ಲ ಮೇಷ್ಟ್ರೇ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಸಾಲುತ್ತಾ?”

ನರ್ಸಮ್ಮ ಆ ಮೂರು ಪುಟಗಳನ್ನು ಇನ್ನೊಮ್ಮೆ ಸರಿಸಿ ನೋಡಿದರು. “ಇನ್ನೊಂದು ಪುಟ ಇರಲಿ.”

ಹೊಸ ಪುಟಕ್ಕೆ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಸಾಕೆಂದು ಮನೆಮನೆಯಲ್ಲೂ ಪಾಠ ಹೇಳುತ್ತಿದ್ದ ಮೇಷ್ಟ್ರು, ಎಂಟರ್ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಒತ್ತತೊಡಗಿದರು.