ಮೂರು ಸಲ ಕರೆಯುವ ಮಾಸ್ತರರು

ಬೆಳಗಿನ ಐದೂವರೆ. ದೌಂಡದಿಂದ ಕುರಕುಂಭದ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಒಂದು ಕಲ್ಲುಗಣಿ. ಹೊಳಬಸಪ್ಪ ಮಾಸ್ತರರು ಅದರ ಅಂಚಿನಲ್ಲಿ ಸೈಕಲ್ ನಿಲ್ಲಿಸಿ, ಕಂಕುಳಲ್ಲಿದ್ದ ಹಾಜರಿ ಪುಸ್ತಕ ತೆರೆಯುತ್ತಾರೆ. ಅಕ್ಷರ ಕಾಣುವಷ್ಟು ಬೆಳಕು ಇನ್ನೂ ಬಂದಿಲ್ಲ. ಕಾಣಬೇಕಾಗಿಯೂ ಇಲ್ಲ, ಮೂವತ್ನಾಲ್ಕು ಮಕ್ಕಳ ಹೆಸರು ಅವರಿಗೆ ಬಾಯಿಪಾಠ. ಎದುರಿಗೆ ನಲವತ್ತಡಿ ಆಳದ ಕರಿಯ ಗುಂಡಿ. ಅದರ ಗೋಡೆಗೆ ನಿನ್ನೆ ಸಂಜೆ ಕೊರೆದ ತೂತುಗಳಲ್ಲಿ ಮದ್ದು ತುಂಬಿದೆ. ಮಕ್ಕಳೆಲ್ಲ ಮೇಲಿದ್ದಾರೆ ಎಂದು ಮಾಸ್ತರರು ಹಸಿರು ಬಟ್ಟೆ ಬೀಸುವ ತನಕ ಅದಕ್ಕೆ ಬೆಂಕಿ ತಾಗುವುದಿಲ್ಲ.

"ಹುಸೇನಪ್ಪಾ..." ಎಂದು ಕರೆಯುತ್ತಾರೆ. ಗುಡಿಸಲುಗಳ ಕಡೆಯಿಂದ ಉತ್ತರವಿಲ್ಲ. ಮತ್ತೆ ಕರೆಯುತ್ತಾರೆ. ಆಗಲೂ ಇಲ್ಲ. ಮೂರನೆಯ ಸಲ ಕರೆದಾಗ "ಓ ರೀ" ಎಂದು ಹುಡುಗನೊಬ್ಬ ಕಣ್ಣುಜ್ಜುತ್ತ ಬಂದು ಸಾಲಿನಲ್ಲಿ ನಿಲ್ಲುತ್ತಾನೆ. ಆಮೇಲೆ ಯಂಕವ್ವ, ಅವಳಿಗೂ ಮೂರು ಕರೆ. ಮೊದಲೆರಡು ಕರೆಗೆ ಯಾವ ಮಗುವೂ ತುಟಿ ಬಿಚ್ಚುವುದಿಲ್ಲ. ಹೊಸದಾಗಿ ನೋಡುವವರಿಗೆ, ಆ ಗುಡಿಸಲುಗಳಲ್ಲಿ ನರಪಿಳ್ಳೆಯೂ ಇಲ್ಲವೇನೋ ಅನಿಸಿ ಮೈ ಜುಮ್ಮೆನ್ನುತ್ತದೆ.

ಇದು ಅವರ ಊರ ಕಡೆಯ ಪದ್ಧತಿ. ಗಣಿಯಲ್ಲಿ ದುಡಿಯುವವರೆಲ್ಲ ಗುಲಬರ್ಗಾ, ಯಾದಗಿರಿ ಸೀಮೆಯಿಂದ ರೈಲು ಹತ್ತಿ ಬಂದವರು. ನಸುಕಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಕೂಡಲೇ ಓಗೊಡಬಾರದೆಂದು ತಾಯಂದಿರು ಮಕ್ಕಳಿಗೆ ಮೊಲೆಹಾಲಿನ ಜೊತೆಗೇ ಕಲಿಸಿರುತ್ತಾರೆ. "ಗಾಳಿ ಎರಡು ಸಲ ಕರೀತದ್ರಿ. ಮೂರನೇ ಸಲ ಕರಿಯೂದು ಮನಷ್ಯಾಗ ಅಷ್ಟ ಬರತದ," ಎನ್ನುತ್ತಾನೆ ಸುರುಂಗದ ಜಟ್ಟೆಪ್ಪ. ಮದ್ದಿಟ್ಟು ಕಲ್ಲು ಸಿಡಿಸುವುದಕ್ಕೆ ಇಲ್ಲಿ ಸುರುಂಗ ಅನ್ನುತ್ತಾರೆ, ಅದರ ಬತ್ತಿಗೆ ಬೆಂಕಿ ಇಡುವವನು ಅವನೇ. ಗಾಳಿ ಅಂದರೆ ಬೀಸುವ ಗಾಳಿಯಲ್ಲ, ಮೆಟ್ಟಿಕೊಳ್ಳುವ ಗಾಳಿ.

ಮೂವತ್ನಾಲ್ಕು ಮುಗಿದ ಮೇಲೆ ಮಾಸ್ತರರು ಪುಸ್ತಕ ಮುಚ್ಚುವುದಿಲ್ಲ. ಗುಡಿಸಲುಗಳಿಗೆ ಬೆನ್ನು ಮಾಡಿ ಗುಂಡಿಯತ್ತ ತಿರುಗುತ್ತಾರೆ. ಬೀಸುಕಲ್ಲಿನ ಸದ್ದು ನಿಲ್ಲುತ್ತದೆ. ನಾಯಿಗಳು ಕಾಲ ಸಂದಿಗೆ ಬಾಲ ಸೇರಿಸುತ್ತವೆ. "ತಿಪ್ಪವ್ವಾ..." ಎಂದು ಮೂವತ್ತೈದನೆಯ ಹೆಸರನ್ನೂ ಮೂರು ಸಲ ಕರೆದು, ಉಸಿರು ಹಿಡಿದು ಕಿವಿಗೊಡುತ್ತಾರೆ. ತಿಪ್ಪವ್ವ ಸತ್ತು ಹತ್ತು ವರ್ಷವಾಯಿತು.

ಎಲೆಮರೆಯ ಕಾಯಿ ಎಂದು ಇಂಥವರನ್ನು ಹೊಗಳುವುದು ರೂಢಿ. ಆ ಮಾತು ಕೇಳಿದರೆ ಮಾಸ್ತರರು ನಗುತ್ತಾರೆ. ಈ ಕಲ್ಲಿನ ಪುಡಿಯಲ್ಲಿ ಎಲೆಯಾದರೂ ಎಲ್ಲಿದೆ? ಶಹಾಪುರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ಇವರು ಸಾವಿರದೊಂಬೈನೂರ ಅರವತ್ತೆಂಟರಲ್ಲಿ ದೌಂಡಕ್ಕೆ ಬಂದರು. ಆ ಪುಟ್ಟ ರೈಲ್ವೆ ಊರಿನ ಕನ್ನಡ ಶಾಲೆಯಲ್ಲಿ ಮೂರು ಮತ್ತು ನಾಲ್ಕನೆಯ ಇಯತ್ತೆಗೆ ಅವರೊಬ್ಬರೇ ಮಾಸ್ತರರು, ಮಕ್ಕಳು ಅರವತ್ತೊಂದು. ನಾಲ್ಕೂವರೆಗೆ ಏಳುವುದು, ಐದು ಮೈಲಿ ಸೈಕಲ್ ತುಳಿಯುವುದು, ನೂರಾ ಐದು ಸಲ ಕರೆಯುವುದು, ಏಳಕ್ಕೆ ಸುರುಂಗ ಹಾರಿದ ಮೇಲೆ ಒಂದು ತಾಸು ಗಣಿಯ ಮಕ್ಕಳಿಗೆ ಅಕ್ಷರ ತಿದ್ದಿಸುವುದು, ಮತ್ತೆ ಐದು ಮೈಲಿ ತುಳಿದು ಶಾಲೆ. ಭಾನುವಾರ ಗಣಿಯವರ ಕಾಗದ ಬರೆದುಕೊಡುತ್ತಾರೆ, ಮಕ್ಕಳನ್ನು ಲಸಿಕೆ ಹಾಕಿಸಲು ಕರೆದೊಯ್ಯುತ್ತಾರೆ. "ನಮ್ಮ ಮನಿಯವರಿಗೆ ಎರಡು ಸಂಸಾರ ಅದಾವ್ರಿ, ನಂದು ಸಣ್ಣದು," ಎಂದು ಹೆಂಡತಿ ಪಾರವ್ವ ಚುಚ್ಚುತ್ತಾರೆ. ಮಾತಿನಲ್ಲಿ ಹುಳಿ ಇದೆ, ಆದರೆ ನಾಲ್ಕೂವರೆಗೆ ಎದ್ದು ಚಹಾ ಕಾಸುವುದನ್ನು ಅವರೂ ತಪ್ಪಿಸಿಲ್ಲ.

ಎಪ್ಪತ್ತಾರರ ಆ ಬೆಳಗನ್ನು ಮಾಸ್ತರರು ಮುಚ್ಚಿಡುವುದಿಲ್ಲ. ಆಗ ಅವರಿಗೆ ಓದಿದ ಜಂಬ. ಶಾಲೆ ಕಲಿಯುವ ಮಕ್ಕಳು ಗಾಳಿಗೆ ಅಂಜಬಾರದೆಂದು ತಾವೇ ಒಂದು ನಿಯಮ ಮಾಡಿದ್ದರು. ಒಂದೇ ಸಲ ಕರೆಯುವುದು, ಓಗೊಡದವರು ಗೈರು. ಚಂದಮ್ಮನ ಮಗಳು ಎಂಟು ವರ್ಷದ ತಿಪ್ಪವ್ವ ಅಂದು ನೀರಿಗೆಂದು ಗುಂಡಿಗೆ ಇಳಿದಿದ್ದಳು. ಒಮ್ಮೆ ಕರೆದರು. ಉತ್ತರ ಬರಲಿಲ್ಲ. ಚಿಕ್ಕಮ್ಮನ ಜೊತೆ ಕುರಕುಂಭಕ್ಕೆ ಹೋಗಿರಬೇಕೆಂದು ಗೈರು ಹಾಕಿ ಬಟ್ಟೆ ಬೀಸಿದರು. ಜಟ್ಟೆಪ್ಪ ಬತ್ತಿ ಹಚ್ಚಿದ.

"ಕೂಡ ಇದ್ದ ಹುಡುಗಿ ಮೊದಲ ಮ್ಯಾಲ ಬಂದಿದ್ದಳ್ರಿ. ಆಮ್ಯಾಲ ಆಕಿ ಹೇಳಿದಳು," ಎನ್ನುತ್ತಾರೆ ಮಾಸ್ತರರು, ಕನ್ನಡಕ ಒರೆಸುತ್ತ. "ಮಾಸ್ತರ್ರು ಕರ್ಯಾಕತ್ತಾರ ಬಾ ಅಂದಳಂತ. ತಿಪ್ಪವ್ವ, ಇನ್ನೆರಡು ಸಲ ಕರೀಲಿ ತಡಿ, ಅಂದಳಂತ. ಆಕಿಗೆ ಕೇಳಿಸಿತ್ತರಿ. ನನ್ನ ಮೂರನೇ ಕರಿಗೆ ಕಾಯಕೋತ ಕುಂತಿದ್ದಳು."

ಅಂದಿನಿಂದ ಎಲ್ಲರಿಗೂ ಮೂರು ಕರೆ. ತಪ್ಪು ತಮ್ಮದೆಂದು ಕೊನೆಗೆ ಆ ಹೆಸರನ್ನೂ ಸೇರಿಸಿಕೊಂಡರು. ನಾಲ್ಕೈದು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಗುಂಡಿಯಿಂದ "ಓ" ಎಂದು ಕೇಳಿಸಿತು.

ಕಲ್ಲಿನ ಗೋಡೆಗೆ ಮಾರ್ದನಿ ಸಹಜ ಅನ್ನಬಹುದು. ಮಾಸ್ತರರೂ ಹಾಗೆಯೇ ಅಂದುಕೊಂಡರು. ಆದರೆ ಮಾರ್ದನಿಯಾದರೆ ಮೂರು ಕರೆಗೂ ಬರಬೇಕು, ಗಂಡಸಿನ ದನಿಯಲ್ಲಿ ಬರಬೇಕು. ಇದು ಮೂರನೆಯದಕ್ಕೆ ಮಾತ್ರ ಬಂತು, ಸಣ್ಣ ದನಿಯಲ್ಲಿ ಬಂತು. ಜಾರುತ್ತ ಇಳಿದು ನೋಡಿದರೆ ಕೆಳಗೆ ನಿಂತ ನೀರು ಮಾತ್ರ. ಎಂಬತ್ತೊಂದರಲ್ಲಿ ಮತ್ತೆ ಕೇಳಿಸಿತು. ಅಂದು ಇಳಿದು ನೋಡಿದರೆ ಬಂಡೆಯ ಹಿಂದೆ ಮೂರು ವರ್ಷದ ಮಗುವೊಂದು ಮಲಗಿತ್ತು. ಹಿಂದಿನ ದಿನದ ರೈಲಿಗೆ ಬಂದಿಳಿದ ಕುಟುಂಬದ ಕೂಸು, ಅದರ ಹೆಸರು ಇನ್ನೂ ಪುಸ್ತಕ ಸೇರಿರಲಿಲ್ಲ. ಅಂದಿನಿಂದ ತಿಪ್ಪವ್ವನ ಹೆಸರು ಕರೆಯದೆ ಜಟ್ಟೆಪ್ಪ ಕಡ್ಡಿ ಗೀರುವುದಿಲ್ಲ. ಮೇಲ್ವಿಚಾರಕ "ಗುರುಜೀ, ಆಟಪಾ ಲವಕರ್" ಎಂದು ಮರಾಠಿಯಲ್ಲಿ ಅವಸರಿಸಿದರೂ ಅಷ್ಟೇ.

ಈಗ ತೊಡಕು ಬಂದಿದೆ. ಎಂಬತ್ತಾರರ ಈ ಏಪ್ರಿಲ್ ಕೊನೆಗೆ ಮಾಸ್ತರರು ನಿವೃತ್ತರಾಗಿ ಶಹಾಪುರಕ್ಕೆ ಹೊರಡುತ್ತಾರೆ. ಆಮೇಲೆ ಮಕ್ಕಳನ್ನು ಕರೆಯುವವರು ಯಾರು? ಸೋಮವಾರ ಎಲ್ಲರನ್ನೂ ಸೇರಿಸಿ ಕೇಳುತ್ತಾರೆ.

"ಮೂವತ್ನಾಕು ಯಾರರೇ ಕರೀಬಹುದ್ರಿ ಮಾಸ್ತರ," ಎನ್ನುತ್ತಾನೆ ಜಟ್ಟೆಪ್ಪ. "ಆ ಒಂದ ಹೆಸರಿಗೆ ಯಾರ ನಾಲಿಗಿ ಏಳತದ? ಬಿಡಾಕೂ ಬರೂದಿಲ್ಲ. ಕೂಸು ಉಳಿಸಿದ ಹೆಸರದು."

ಆಗ ಮೂಲೆಯ ಗುಡಿಸಲಿನ ತಟ್ಟಿ ಸರಿಯುತ್ತದೆ. ಹತ್ತು ವರ್ಷ ಪ್ರತಿ ಬೆಳಗ್ಗೆ ಆ ಹೊತ್ತಿಗೆ ತಟ್ಟಿ ಎಳೆದುಕೊಂಡು, ಎರಡೂ ಕಿವಿ ಮುಚ್ಚಿ ಕೂರುತ್ತಿದ್ದ ಚಂದಮ್ಮ ಹೊರಗೆ ಬರುತ್ತಾಳೆ. ಮಾಸ್ತರರ ಮುಖ ನೋಡಿ ಅವಳು ಮಾತಾಡಿದ್ದೂ ಹತ್ತು ವರ್ಷದ ಹಿಂದೆ.

"ನಾ ಕರೀತೀನ್ರಿ."

"ತಂಗಿ, ನಿನ್ನ ಕೈಲೆ ಆಗೂದಿಲ್ಲ."

"ನಿಮ್ಮ ಕೈಲೆ ಆಗಿತ್ತೇನ್ರಿ?" ಅವಳ ದನಿ ಏರುವುದಿಲ್ಲ. "ಮೂರನೇ ಸಲ ಕರೆದ್ರ ಆಕಿ ಬರಬೇಕಾಗ್ತದ. ದಿನಾ ಎದ್ದು ಬರತದ ನನ್ನ ಕೂಸು. ಸತ್ತ ಮ್ಯಾಲೂ ಮಂದಿ ಮಕ್ಕಳ ಕಾವಲ ಕಾಯಬೇಕೇನ್ರಿ ಅದು?"

ಮಾಸ್ತರರು ತಲೆ ತಗ್ಗಿಸಿ ಹಾಜರಿ ಪುಸ್ತಕವನ್ನು ಅವಳ ಕೈಗಿಡುತ್ತಾರೆ. ಅವಳಿಗೆ ಓದು ಬರುವುದಿಲ್ಲ. ನಾಲ್ಕು ದಿನ ಕಲ್ಲು ಹೊರುತ್ತ ಹೆಸರುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ.

ಶನಿವಾರ ನಸುಕು. ಮಾಸ್ತರರು ಬರುವ ಹೊತ್ತಿಗೆ ಗುಂಡಿಯ ತಳದಲ್ಲಿ ಕಂದೀಲೊಂದು ಅಲ್ಲಿಂದಿಲ್ಲಿಗೆ ಸರಿದಾಡುತ್ತಿದೆ. ಮೇಲೆ ನಿಂತವರು ಅದನ್ನು ಕಂಡು ಹಣೆ ಮುಟ್ಟಿಕೊಳ್ಳುತ್ತಾರೆ. ಬೆಳಕು ಮೆಲ್ಲಗೆ ಏರಿ ಬರುತ್ತದೆ, ಹಿಂದೆ ಚಂದಮ್ಮನ ಮುಖ. ಸೀರೆ ಮೊಣಕಾಲಿನ ತನಕ ತೊಯ್ದಿದೆ.

"ಎಲ್ಲಾ ಕಲ್ಲಿನ ಹಿಂದ ನೋಡೀನಿ. ಕೆಳಗ ಯಾರೂ ಇಲ್ಲ. ಇನ್ನ ಮ್ಯಾಲ ದಿನಾ ನಾನ ಇಳಿತೀನಿ," ಎನ್ನುತ್ತಾಳೆ.

ಮೂವತ್ನಾಲ್ಕು ಹೆಸರನ್ನೂ ಮೂರು ಮೂರು ಸಲ ಕರೆಯುತ್ತಾಳೆ. ಮೂವತ್ನಾಲ್ಕು ಮಕ್ಕಳು ಬಂದು ನಿಲ್ಲುತ್ತಾರೆ. ಇನ್ನೊಂದು ಹೆಸರಿಗಾಗಿ ಜಟ್ಟೆಪ್ಪ ಕಡ್ಡಿಪೆಟ್ಟಿಗೆ ಹಿಡಿದು ಕಾಯುತ್ತಾನೆ. ಚಂದಮ್ಮ ಗುಂಡಿಯ ಕಡೆ ಒಮ್ಮೆ ನೋಡಿ, ಬಾಯಿ ತೆರೆಯದೆ ಹಸಿರು ಬಟ್ಟೆ ಬೀಸುತ್ತಾಳೆ. ಕೆಳಗಿನಿಂದಲೂ ಸದ್ದಿಲ್ಲ.

ಸುರುಂಗ ಹಾರಿ ಧೂಳು ಇಳಿಯುವ ತನಕ ಮಾಸ್ತರರು ಸೈಕಲ್ ಹಿಡಿದು ಅಲ್ಲೇ ನಿಲ್ಲುತ್ತಾರೆ. ಈ ಬೆಳಗ್ಗೆ ಏನೆನಿಸಿತೆಂದು ಕೇಳಿದರೆ ಸೈಕಲ್ಲಿನ ಮೇಲೆ ಕೂತ ಧೂಳು ಒರೆಸುತ್ತ ಹೇಳುತ್ತಾರೆ.

"ಪ್ರಾಯಶ್ಚಿತ್ತ ನಂದು, ದುಡಿದದ್ದು ಆ ಕೂಸು. ಅದರ ಅವ್ವಗ ಗೊತ್ತಾತು, ನನಗ ಗೊತ್ತಾಗಲಿಲ್ಲ. ಇವತ್ತಿನಿಂದ ತಿಪ್ಪವ್ವಗ ಸೂಟಿ ಕೊಟ್ಟೀನ್ರಿ."