ಬಾಟಲಿಯಲ್ಲಿ ತಂದ ಸಮುದ್ರ

ನೂಲಿಗೆ ಬಣ್ಣ ಹಾಕುವುದು ನನ್ನ ಕಸುಬು. ಓದಿದ್ದು ಎರಡನೇ ಇಯತ್ತೆ, ಅದೂ ಅರ್ಧ. ಆದರೆ ಬನಹಟ್ಟಿಯ ನೇಕಾರರು ಯಾವ ಬಟ್ಟೆಯ ಚೂರು ತಂದರೂ ಅದೇ ಬಣ್ಣವನ್ನು ನೂಲಿನ ಲಡಿಗೆ ಇಳಿಸಿ ಕೊಡುತ್ತಿದ್ದೆ. ಆ ಸೊಕ್ಕು ನನಗಿತ್ತು.

ನನ್ನ ತಂಗಿಯನ್ನು ಕುಮಟಾದ ಕಡೆ, ಸಮುದ್ರದ ದಂಡೆಯ ಊರಿಗೆ ಕೊಟ್ಟಿದೆ. ಒಂದು ಮಾಘ ಮಾಸದಲ್ಲಿ ಹೋಗಿದ್ದಾಗ, ನಮ್ಮ ಸಮುದ್ರದ ಬಣ್ಣ ಮಾತ್ರ ನಿನ್ನ ಕೈಲಿ ಆಗದು ಎಂದು ಕೆಣಕಿದಳು. ಆ ಬಣ್ಣದ ಸೀರೆ ನಿನಗೆ ಉಡಿಸುತ್ತೇನೆ, ತಪ್ಪಿದರೆ ಇನ್ನು ಬಣ್ಣದ ಹಂಡೆ ಮುಟ್ಟುವುದಿಲ್ಲ ಎಂದುಬಿಟ್ಟೆ. ಅವಳ ಮನೆಯವರೆಲ್ಲ ಕೇಳಿಸಿಕೊಂಡರು.

ಬಣ್ಣಕ್ಕೆ ನಮೂನೆ ಬೇಕಲ್ಲ, ಒಂದು ಬಾಟಲಿ ನೀರು ತುಂಬಿಕೊಂಡು ಬಂದೆ. ಮನೆಯ ಕಿಟಕಿಯಲ್ಲಿಟ್ಟು ನೋಡಿದರೆ ನಳದ ನೀರಿನ ಹಾಗೆಯೇ, ಬಣ್ಣವೇ ಇಲ್ಲ. ಬಚ್ಚಲಿಗೆ ಚೆಲ್ಲಿದೆ. ಕಣ್ಣಲ್ಲಿ ಉಳಿದದ್ದನ್ನು ನಂಬಿ ನೀಲಿಗೆ ಚೂರೇ ಹಸಿರು ಬೆರೆಸಿ ಅದ್ದಿದೆ. ಹಸಿ ನೂಲು ಯಾವಾಗಲೂ ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆಯೇ ಖರೆ ಬಣ್ಣ. ಮೂರು ಸಲ ಅದ್ದಿ ಒಣಗಿಸಿದೆ. ಮಗ್ಗದ ಸರದಿ ಬಂದು ಸೀರೆ ಇಳಿಯುವಷ್ಟರಲ್ಲಿ ಮಳೆಗಾಲ. ಕಳಿಸಿದೆ. ಶ್ರಾವಣದಲ್ಲಿ ತಂಗಿಯ ಫೋನು ಬಂತು.

“ಸೀರಿ ಛಲೋ ಐತಿ ಅಕ್ಕಾ. ಆದ್ರ ಸಮುದ್ರ ಹಿಂಗಿಲ್ಲ ಬೇ.”

ಉಳಿದ ಒಂದು ಲಡಿ ಹಿಡಿದು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಸಮುದ್ರ, ಕೃಷ್ಣೆಗೆ ಹೊಸ ನೀರು ಬಂದಾಗಿನ ಹಾಗೆ ರಾಡಿ. ಕಣ್ಣು ಹೋದಷ್ಟು ದೂರ ಕೆಂಪು ಮಣ್ಣಿನ ನೀರು. ಕೈಯಲ್ಲಿ ನೀಲಿ ಲಡಿ ಹಿಡಿದು ಹುಚ್ಚಿಯ ಹಾಗೆ ನಿಂತಿದ್ದೆ. ಮುದುಕಿಯಾದೆ, ನನ್ನ ಕಣ್ಣು ಹೋಯಿತು ಅಂದುಕೊಂಡೆ. ಊರಿಗೆ ಬಂದವಳೇ ಹಂಡೆ ಬೋರಲು ಹಾಕಿದೆ. ನೂಲು ತಂದವರನ್ನು ತಿರುಗಿಸಿ ಕಳಿಸಿದೆ.

ದೀಪಾವಳಿ ಮುಂದೆ ತಂಗಿ ಮತ್ತೆ ಫೋನು ಮಾಡಿ, ಈಗ ನೀರು ಹಸಿರಾಗಿದೆ ಎಂದಳು. ಚೇಷ್ಟೆ ಎಂದು ಫೋನು ಇಟ್ಟೆ. ಮಾಘದಲ್ಲಿ, ಸೀರೆ ಉಟ್ಟು ತೋರಿಸುತ್ತೇನೆ ಬಾ ಎಂದು ಹಟ ಹಿಡಿದಳು. ಹೋದೆ.

ದಂಡೆಯಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸಿಗೆ ನನ್ನ ಕಥೆ ಕೇಳಿ ನಗು ಬಂತು. ಅವಳೇ ಬಿಡಿಸಿ ಹೇಳಿದಳು. ಮಳೆಯಲ್ಲಿ ಹೊಳೆಗಳು ಮಣ್ಣು ತಂದು ಸುರಿಯುತ್ತವೆ, ಆಗ ಬಿಸಿಲು ನೀರಿನೊಳಗೆ ಇಳಿಯುವುದಿಲ್ಲ. ಮಳೆ ನಿಂತ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಟ್ಟಿ ಹಸಿರಾಗುತ್ತದೆ, ಮೀನಿಗೆ ಅದೇ ಊಟ. ಚಳಿಗೆ ಎಲ್ಲ ತಿಳಿಯಾಗಿ, ಬಿಸಿಲು ಆಳಕ್ಕೆ ಇಳಿದು ನೀಲಿ.

ತಂಗಿ ಸೀರೆ ಉಟ್ಟು ಮೊಣಕಾಲುದ್ದ ನೀರಿಗೆ ಇಳಿದಳು. ಸೀರೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಸುರುವಾಯಿತು, ನನಗೆ ಗೊತ್ತಾಗಲಿಲ್ಲ. ಕಣ್ಣು ಹೋಗಿರಲಿಲ್ಲ.

“ಗೆದ್ದಿ ನೋಡ ಬೇ ಅಕ್ಕಾ.”

ಅಷ್ಟರಲ್ಲಿ ಒಂದು ಮೋಡ ಅಡ್ಡ ಬಂತು. ಇಡೀ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತು. ಸೀರೆ ಮಾತ್ರ ಇದ್ದ ಹಾಗೇ ಇತ್ತು.

“ಒಂದ ಹೊತ್ತಿನ ಬಣ್ಣ ಹಿಡದೇನಿ, ಅಷ್ಟ,” ಅಂದೆ.

ಹೀಗೆ ಬಣ್ಣ ಬಿಡುವ ನೂಲನ್ನು ನೇಕಾರರು ಕಚ್ಚಾ ಬಣ್ಣ ಎಂದು ವಾಪಸು ಕೊಡುತ್ತಾರೆ. ಈ ಸಮುದ್ರವನ್ನು ಯಾರಿಗೆ ವಾಪಸು ಕೊಡುವುದು? ಮೋಡ ಸರಿದು ನೀಲಿ ತಿರುಗಿ ಬರುವವರೆಗೂ ಬಾಯಿ ತೆರೆದು ನಿಂತಿದ್ದೆ.

ಊರಿಗೆ ಬಂದು ಹಂಡೆ ಎತ್ತಿ ನಿಲ್ಲಿಸಿ ತೊಳೆದೆ. ಬರುವ ದೀಪಾವಳಿಗೆ ಆ ಹಸಿರು ನೋಡಲು ಹೋಗಬೇಕು. ಬಾಟಲಿ ಒಯ್ಯುವುದಿಲ್ಲ.