ಗಾದೆಪ್ಪ ಮುಗಿಸದೆ ಬಿಟ್ಟ ಕುರ್ಚಿ

ಬಡಗಿ ಗಾದೆಪ್ಪ ತನ್ನ ಜೀವಮಾನದಲ್ಲಿ ಒಂದೇ ಒಂದು ಹೊಸ ಕುರ್ಚಿಯನ್ನೂ ಮಾಡಿದವನಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಹಗ್ಗ ಗೋಣಿಚೀಲ ಮಾರುವ ಅಂಗಡಿಗಳ ಹಿಂದಿನ ಸಂದಿಯಲ್ಲಿ, ಮನೆಗೆ ಹತ್ತಿದಂತೆಯೇ ಅವನದೊಂದು ತಗಡಿನ ಚಪ್ಪರ. ಅಲ್ಲಿಗೆ ಬರುತ್ತಿದ್ದುದೆಲ್ಲ ಮುರುಕು ಸರಕೇ. ಕಾಲು ಹೋದ ಮಂಚ, ಬೆನ್ನು ಹರಿದ ಬೆತ್ತದ ಕುರ್ಚಿ, ಇಲಿ ಕಡಿದ ಸಂದೂಕ, ವಕೀಲರ ಮನೆಯ ಅಲುಗಾಡುವ ಮೇಜು. ಹೊಸದು ಮಾಡಿಕೊಡು ಎಂದು ಯಾರಾದರೂ ಬಂದರೆ, "ಹೊಸಾದು ಬೇಕಂದ್ರ ಬಜಾರಕ್ಕ ಹೋಗ್ರಿ, ಇಲ್ಲಿ ಸಾಯಾಕ ಹತ್ತಿದ್ದನ್ನ ಬದುಕಸ್ತೀವಿ" ಎಂದು ಬೆನ್ನು ತಿರುಗಿಸುತ್ತಿದ್ದ.

ಹಳೆಯ ಮರಕ್ಕೆ ಅವನು ಉಜ್ಜುಗೊರಡು ಮುಟ್ಟಿಸುತ್ತಿರಲಿಲ್ಲ. ಒಡೆದ ಗಾಜಿನ ಚೂರು ಹಿಡಿದು, ಮೀನಿನ ಪೊರೆ ತೆಗೆದ ಹಾಗೆ ಹಳೇ ಬಣ್ಣ, ಎಣ್ಣೆ, ಜಿಡ್ಡು ಎಲ್ಲ ಕೆರೆದು ತೆಗೆಯುತ್ತಿದ್ದ. ಒಳಗಿನ ನಾರು ಕಂಡ ಮೇಲೆ ಮೂಗು ಹಚ್ಚಿ ಮೂಸಿ, ತೇಗವೋ ಮತ್ತಿಯೋ ಹೊನ್ನೆಯೋ ಹೇಳಿಬಿಡುತ್ತಿದ್ದ. ಮೊಳೆ ಬಡಿಯುತ್ತಿರಲಿಲ್ಲ, ಬಿದಿರಿನ ಗೂಟ ಸವೆದು ಕೂಡಿಸುತ್ತಿದ್ದ. ಕಡೆಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಅರಳೆಯುಂಡೆಗೆ ಹಳೇ ಧೋತರದ ತುಂಡು ಸುತ್ತಿ, ದಿನಕ್ಕೊಂದು ಕೈಯಂತೆ ಏಳು ದಿನ ಏಳು ಕೈ ಪಾಲಿಶ್. ಆರನೆಯ ಕೈಗೇ ಮಾಲು ಕೇಳಿದವರನ್ನು ದೇವರೇ ಕಾಯಬೇಕು. ಮೋಕಾ ಊರಿನ ಗೌಡರೊಬ್ಬರು ಮದುವೆ ಹತ್ತಿರ ಬಂತೆಂದು ಬಂಡಿ ತಂದು ನಿಲ್ಲಿಸಿದಾಗ, "ಗೌಡ್ರೇ, ಅರ್ಧ ಬೆಂದ ಅನ್ನ ಉಣ್ತೀರೇನು? ಉಣ್ಣದಿದ್ರ ಬಂಡಿ ತಿರುಗಸ್ರಿ" ಎಂದ ಭೂಪ ಅವನು.

ಈ ಹಟ ಅವನಿಗೆ ಬಂದದ್ದು ಅಪ್ಪನ ಬಾಳು ನೋಡಿ. ಅಪ್ಪ ಹುಲುಗಪ್ಪ ಸೇಂದಿ ಕುಡಿದು ಚರಂಡಿ ದಂಡೆಯಲ್ಲಿ ಬಿದ್ದಿರುತ್ತಿದ್ದ ಮನುಷ್ಯ. ಪಾದ್ರಿಯೊಬ್ಬರು ಎತ್ತಿ, ಮೈ ತೊಳೆಸಿ, ಮಿಷನ್ನಿನ ಬಡಗಿ ಶೆಡ್ಡಿನಲ್ಲಿ ಕೂಡಿಸಿದರು. ದೀಕ್ಷಾಸ್ನಾನ ಆದ ಮೇಲೆ ಹುಲುಗಪ್ಪ ಸಾಯುವತನಕ ಒಂದು ಹನಿ ಮುಟ್ಟಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಅದೇ ಶೆಡ್ಡಿಗೆ ಸೇರಿದ ಗಾದೆಪ್ಪ ಇದನ್ನು ಕಣ್ಣಾರೆ ಕಂಡಿದ್ದ. ಹಾಗಾಗಿ ಅವನ ಮಟ್ಟಿಗೆ ಯೇಸುಸ್ವಾಮಿಯೂ ತನ್ನಂಥ ರಿಪೇರಿ ಬಡಗಿಯೇ. ಮುರುಕನ್ನು ಒಲೆಗೆ ಹಾಕುವವನಲ್ಲ. ಕೆರೆದು, ಕೂಡಿಸಿ, ಹೊಳಪು ಕೊಟ್ಟು, ಆಮೇಲೆ ತನ್ನ ಮನೆಯೊಳಗೆ ಕರೆದುಕೊಳ್ಳುವವನು. ಮೊದಲು ಹೊಳಪು, ಆಮೇಲೆ ಒಳಗೆ. ಈ ನಂಬಿಕೆಯೇ ಗಾದೆಪ್ಪನನ್ನು ಕೆಡಿಸಿತು.

ಅವನ ಸಿಟ್ಟು ಪೇಟೆಗೆಲ್ಲ ಗೊತ್ತಿತ್ತು. ನಲವತ್ತೊಂದನೇ ಇಸವಿಯಲ್ಲಿ ಒಬ್ಬ ಗಿರಾಕಿ, ಸಂದೂಕದ ಹಿತ್ತಾಳೆ ಬೀಗ ಕದ್ದಿದ್ದೀಯೆಂದು ಆರೋಪ ಹೊರಿಸಿದಾಗ ಕೈಯಲ್ಲಿದ್ದ ಕೊಡತಿಯನ್ನೇ, ಆ ಮರದ ಸುತ್ತಿಗೆಯನ್ನೇ, ಬೀಸಿ ಒಗೆದ. ಗಿರಾಕಿ ಬಗ್ಗಿದ. ಹಿಂದೆ ಮಜ್ಜಿಗೆ ಚೊಂಬು ಹಿಡಿದು ಬರುತ್ತಿದ್ದ ಹೆಂಡತಿ ಸತ್ಯಮ್ಮನ ಬಲಗೈ ಮಣಿಕಟ್ಟಿಗೆ ಅದು ಬಡಿಯಿತು. ಎಲುಬು ಕೂಡಿತು, ಸೊಟ್ಟಗೆ ಕೂಡಿತು. ಊರ ಮುರುಕನ್ನೆಲ್ಲ ನೆಟ್ಟಗೆ ಮಾಡುವವನ ಮನೆಯಲ್ಲಿ ಆ ಒಂದು ಕೈ ಹಾಗೇ ಉಳಿಯಿತು. ಮಕ್ಕಳಿಲ್ಲದ ಮನೆ, ಅವಳಿಗೆ ಅವನು, ಅವನಿಗೆ ಅವಳು.

ಅಂದಿನಿಂದ ಗಾದೆಪ್ಪ ಚರ್ಚಿನಲ್ಲಿ ಮುಂದೆ ಕೂಡಲಿಲ್ಲ. ಚಪ್ಪಲಿ ಬಿಡುವ ಬಾಗಿಲ ಹತ್ತಿರ ಕೂಡುವನು. ತಿಂಗಳ ಮೊದಲ ಭಾನುವಾರ, ಸಭೆಯವರೆಲ್ಲ ಕೈಯೊಡ್ಡಿ ತುಣುಕು ರೊಟ್ಟಿ ಪಡೆಯುವ ಪ್ರಭುಭೋಜನಕ್ಕೆ ರೊಟ್ಟಿತಟ್ಟೆ ಎತ್ತಿದರೆ ಸಾಕು, ಎದ್ದುಹೋಗಿ ಹೊರಗೆ ಬೇವಿನ ಮರದ ಕೆಳಗೆ ನಿಲ್ಲುವನು. ಶೆಡ್ಡಿನಲ್ಲಿ ಅವನ ಜೊತೆಗೇ ಬೆಳೆದ, ಈಗ ಚರ್ಚಿನ ಉಪದೇಶಿಯಾದ ಸಮುವೇಲಪ್ಪ ಕೇಳಿ ಕೇಳಿ ಸೋತಿದ್ದ.

"ಏನಲೇ ಗಾದೆಪ್ಪ, ನಿನ್ನ ಸಲುವಾಗಿ ಬ್ಯಾರೆ ಪಂಗ್ತಿ ಹಾಕಸ್ಬೇಕೇನು?"

"ಈ ಸಿಟ್ಟು ಕೆರದು ತಗೀತೀನಿ, ಆಮ್ಯಾಲ ಬರ್ತೀನಿ. ಜಿಡ್ಡು ಹಿಡದ ಕೈ ಅಲ್ಲಿ ಒಡ್ಡಾಕ ಬರಂಗಿಲ್ಲ."

"ಹತ್ತು ವರ್ಷ ಕೆರದೀ. ಇನ್ನ ಎಷ್ಟು ಐತಿ?"

"ಐತಿ. ನೀ ನಡಿ."

ಐವತ್ತೊಂದರ ಬೇಸಿಗೆ ಕಳೆಯುವ ಹೊತ್ತಿಗೆ ಸತ್ಯಮ್ಮನ ಕಾಲು ಬಾತುಕೊಂಡವು. ನಾಲ್ಕು ಹೆಜ್ಜೆ ನಡೆದರೆ ಉಸಿರು ಹತ್ತದು, ಮಲಗಿದರೆ ಉಸಿರೇ ಕಟ್ಟುವುದು. ಎದೆಯಲ್ಲಿ ನೀರು ತುಂಬಿದೆ, ಮಲಗಿಸಬೇಡಿ, ಒರಗಿಸಿ ಕೂಡಿಸಿ ಎಂದರು ಡಾಕ್ಟರಮ್ಮ. ಹೆಚ್ಚು ದಿನವಿಲ್ಲ ಎನ್ನುವುದನ್ನು ಗಾದೆಪ್ಪನಿಗೆ ಮಾತ್ರ ಹೇಳಿದರು. ಚರ್ಚಿನಲ್ಲಿ ಹೆಂಗಸರು ಕೂಡುವುದು ನೆಲದ ಮೇಲೆ, ಜಮಖಾನೆ ಹಾಸಿ. ನೆಲಕ್ಕೆ ಕೂತರೆ ಸತ್ಯಮ್ಮನಿಗೆ ಹೊಟ್ಟೆ ಒತ್ತಿ ದಮ್ಮು ಏಳುತ್ತಿತ್ತು. ಹಾಗಾಗಿ ಚರ್ಚು ನಿಂತುಹೋಯಿತು. ಆರೈಕೆಗೆಂದು ಸಿರುಗುಪ್ಪದಿಂದ ಅವಳ ಅಕ್ಕ ಜಡೆಮ್ಮ ಬಂದಳು. ಗಂಡ ಸತ್ತವಳು, ಚರ್ಚಿನವಳಲ್ಲ, ಹುಲಿಗೆಮ್ಮ ದೇವಿಯ ಒಕ್ಕಲು, ಬಾಯಿ ಮಾತ್ರ ಕತ್ತರಿ.

ಒಂದು ಮಧ್ಯಾಹ್ನ ಸತ್ಯಮ್ಮ ಗಂಡನನ್ನು ಕರೆದು ಹತ್ತಿರ ಕೂಡಿಸಿಕೊಂಡಳು.

"ನನಗೊಂದು ಆಸಿ ಐತಿ. ನೀನು ಅಲ್ಲಿ ಕೈ ಒಡ್ಡೋದು ನಾನು ನೋಡ್ಬೇಕು. ಹೆಂಗಸ್ರ ಕಡೆ ಕುಂತು, ಒಂದಾ ಒಂದ್ಸಲ. ಕೊಡತಿ ಬಿದ್ದದ್ದು ನನ್ನ ಕೈಮ್ಯಾಲ. ಊಟ ಬಿಟ್ಟವನು ನೀನು. ಇದ್ಯಾವ ನ್ಯಾಯ?"

ಗಾದೆಪ್ಪ ಎದ್ದು ಚಪ್ಪರದ ಅಟ್ಟ ಹತ್ತಿ ಒಂದು ಕುರ್ಚಿ ಇಳಿಸಿದ. ಇಂಗ್ಲಿಷರು ಊರು ಬಿಟ್ಟಾಗ ದಂಡಿನ ಬಂಗಲೆಯ ಹರಾಜಿನಲ್ಲಿ ಹಿಡಿದದ್ದು. ಅಗಲವಾದ ಕೈಗಳ ತೇಗದ ಕುರ್ಚಿ, ಹಿಂದಿನ ಒಂದು ಕಾಲಿಲ್ಲ, ಬೆತ್ತ ಹರಿದು ಜೋತಿದೆ. ನಾಲ್ಕು ವರ್ಷದಿಂದ ಅಟ್ಟದ ಮೇಲಿತ್ತು.

ಜಡೆಮ್ಮ ಅದನ್ನು ನೋಡಿ, "ಊರ ಮಂದಿ ಕುರ್ಚಿ ಎಲ್ಲಾ ನೆಟ್ಟಗ ಅದಾವು, ಬಡಗಿ ಹೆಂಡ್ತಿಗೆ ಕುಂದ್ರಾಕ ಒಂದು ಮಣೆನೂ ಇಲ್ಲ" ಎಂದಳು.

"ಅಕ್ಟೋಬರ ಮೊದಲ ಭಾನುವಾರ ನೋಡೀಯಂತ," ಎಂದ ಗಾದೆಪ್ಪ. ಆಮೇಲೆ ಹೆಂಡತಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಅವತ್ತು ನೀನು ಇದರಮ್ಯಾಲ ಕುಂತಿರ್ತೀ. ಅವತ್ತಾ ನಾನೂ ಒಡ್ತೀನಿ" ಎಂದ. ಸತ್ಯಮ್ಮ ಬಾತ ಮುಖದಲ್ಲೇ ನಕ್ಕಳು.

ಕಾಲಿಗೆ ಅದೇ ವಯಸ್ಸಿನ ತೇಗ ಬೇಕು ಎಂದು ಕುರುಗೋಡಿಗೆ ಹೋದ. ಅಲ್ಲೊಂದು ಹಳೇ ಮನೆ ಕೆಡವುತ್ತಿದ್ದರು. ಬಿದ್ದಿದ್ದ ಬಾಗಿಲುವಾಡಗಳನ್ನೆಲ್ಲ ಮೂಸುತ್ತ ಕೂತವನನ್ನು ನೋಡಿ ಗಾರೆಯವರು ನಕ್ಕರು. ಒಂದು ತುಂಡು ಆರಿಸಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಬೆತ್ತ ಹೆಣೆಯುವಾಗ ಸತ್ಯಮ್ಮ ಗೋಡೆಗೆ ಒರಗಿ ಕೂತು ಎಳೆ ಹಿಡಿದುಕೊಟ್ಟಳು. ಬಗ್ಗಿದ ಬಲ ಮಣಿಕಟ್ಟಿಗೆ ಎಳೆ ಸಿಕ್ಕಿಸಿಕೊಂಡರೆ ಸಡಿಲಾಗುತ್ತಲೇ ಇರಲಿಲ್ಲ.

"ನೋಡಿದ್ಯಾ, ಕೊಕ್ಕಿ ಆತು. ನೆಟ್ಟಗಿದ್ರ ಇಷ್ಟು ಚಲೋ ಹಿಡೀತಿರಲಿಲ್ಲ," ಎಂದು ಅವಳು ನಗಾಡಿದಳು. ಗಾದೆಪ್ಪ ತಲೆ ಎತ್ತಲಿಲ್ಲ. ಬೆತ್ತ ಎಳೆಯುತ್ತಲೇ ಇದ್ದ.

ಕಾಲು ಕೂಡಿತು, ಬೆತ್ತ ಬಿಗಿಯಿತು. ಉಳಿದದ್ದು ಪಾಲಿಶ್. ಶನಿವಾರ ಮೊದಲ ಕೈ ಹಿಡಿದ. ಮುಂದಿನ ಶುಕ್ರವಾರಕ್ಕೆ ಏಳು ಮುಗಿದು, ಒಂದು ದಿನ ಆರಿ, ಭಾನುವಾರಕ್ಕೆ ಸರಿಹೋಗಬೇಕು. ಐದು ಕೈ ಕನ್ನಡಿಯ ಹಾಗೆ ಕೂತವು. ಗುರುವಾರ ಮೋಡ ಕವಿದು ಜಿಟಿಜಿಟಿ ಹಿಡಿಯಿತು. ಹಸಿ ಗಾಳಿಯಲ್ಲಿ ಅರಗು ಹಚ್ಚಬಾರದು. ಹಚ್ಚಿದರೆ ಅದು ಒಳಗೇ ನೀರು ಕುಡಿದು ಬಿಳುಚಿಕೊಳ್ಳುತ್ತದೆ. ಗಾದೆಪ್ಪನಿಗಿಂತ ಚೆನ್ನಾಗಿ ಇದು ಬಳ್ಳಾರಿಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಆದರೂ ಭಾನುವಾರ ಮೂಗಿನ ಮುಂದಿತ್ತು. ಆರನೆಯದನ್ನೂ ಏಳನೆಯದನ್ನೂ ಹಚ್ಚಿಬಿಟ್ಟ.

ಶನಿವಾರ ಬೆಳಿಗ್ಗೆ ನೋಡಿದರೆ ಕುರ್ಚಿಯ ತುಂಬ ಹಾಲಿನ ಕೆನೆ ಕಟ್ಟಿದಂಥ ಬಿಳುಪು.

ಆ ಹೊತ್ತಿಗೆ ಸಮುವೇಲಪ್ಪ, ಮರುದಿನ ಸತ್ಯಮ್ಮನನ್ನು ಕುರ್ಚಿ ಸಮೇತ ಹೊತ್ತೊಯ್ಯಲು ನಾಲ್ಕು ಜನರನ್ನು ಗೊತ್ತುಮಾಡಿ ಬಂದಿದ್ದ. ಗಾದೆಪ್ಪ ಗಾಜಿನ ಚೂರು ಹಿಡಿದು ನಿಂತದ್ದು ಕಂಡು ಗಾಬರಿಯಾದ.

"ಏನ್ಮಾಡಾಕ ಹತ್ತೀಯೋ?"

"ಬೂಸಲಾ ಹಿಡದಂಗ ಐತಿ. ಕೆರದು ಮೊದ್ಲಿಂದ ಹಚ್ತೀನಿ. ಮುಂದಿನ ತಿಂಗಳು ಹೋಗೂಣು."

"ಗಟ್ಟಿ ಐತಲ್ಲೋ! ನಾಳಿಗೆ ಒಯ್ಯೂಣು, ಆಮ್ಯಾಲ ಬೇಕಾದಷ್ಟು ಕೆರಕೋ."

"ಬಡಗಿ ಗಾದೆಪ್ಪನ ಹೆಂಡ್ತಿ ಬಿಳುಪು ಹತ್ತಿದ ಕುರ್ಚಿಮ್ಯಾಲ ದೇವರ ಮುಂದ ಕುಂದ್ರಬೇಕೇನು? ಮಂದಿ ನಗಬೇಕೇನು?"

"ಕಾಲು ನಾಲ್ಕೂ ಅದಾವಲ್ಲೋ ಪುಣ್ಯಾತ್ಮ," ಎಂದಳು ಜಡೆಮ್ಮ. "ಆಕಿ ಕುಂದ್ರಬೇಕು, ನೆಕ್ಕಬೇಕಾಗಿಲ್ಲ."

"ನಿಮಗೇನು ಗೊತ್ತೈತಿ? ಸುಮ್ಕಿರ್ರಿ ಎಲ್ಲಾರೂ!" ಎಂದು ಗುಡುಗಿ ಕೆರೆಯತೊಡಗಿದ. ಬಿಳಿ ಪುಡಿ ಉದುರಿತು. ಒಳಗಿನಿಂದ ಸತ್ಯಮ್ಮ ಬಾಗಿಲಲ್ಲಿ ಕಾಣುವಷ್ಟು ಕತ್ತು ಚಾಚಿ ನೋಡಿದಳು. ಅವಳಿಗೆ ಜೋರು ಮಾತಾಡುವ ಶಕ್ತಿ ಇರಲಿಲ್ಲ.

"ನಾನು ಕುಂತಮ್ಯಾಲ ಹೊಳಪು ಯಾರಿಗೆ ಕಾಣ್ತಿತ್ತು?" ಎಂದಳು, ಅಷ್ಟೆ.

ಭಾನುವಾರ ಚರ್ಚಿನ ಗಂಟೆ ಮನೆಯಲ್ಲೇ ಕೇಳಿದಳು. ಗಾದೆಪ್ಪ ಹೊಸದಾಗಿ ಕೆರೆದ ಮರಕ್ಕೆ ಮೊದಲ ಕೈ ಹಚ್ಚುತ್ತಿದ್ದ. ಬಿಸಿಲು ಬಂದಿತ್ತು, ಅರಗು ಚೆನ್ನಾಗಿ ಕೂಡುತ್ತಿತ್ತು. ನವೆಂಬರಿಗೆ ಬೇಕಾದಷ್ಟು ದಿನ ಇವೆ ಎಂದು ತನಗೆ ತಾನೇ ಹೇಳಿಕೊಂಡ. ಡಾಕ್ಟರಮ್ಮ ಹೇಳಿದ ಮಾತು ಅವನಿಗೆ ಮರೆತಿತ್ತೆಂದಲ್ಲ. ಮುಗಿಯದ ಕೆಲಸ ಮುಂದಿರುವಾಗ ಯಾರೂ ಸಾಯುವುದಿಲ್ಲ ಎಂದು ಅವನೊಳಗಿನ ಬಡಗಿ ನಂಬಿದ್ದ.

ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಸತ್ಯಮ್ಮ ತೀರಿಕೊಂಡಳು. ಕೂತಲ್ಲೇ, ಹತ್ತಿ ತುಂಬಿದ ಎರಡು ಗೋಣಿಚೀಲಗಳಿಗೆ ಒರಗಿ, ಜಡೆಮ್ಮನ ಭುಜ ಹಿಡಿದು. ಅವಳನ್ನು ಕುರ್ಚಿಯಲ್ಲಿ ಕೂಡಿಸಿರಲಿಲ್ಲ. ನಾಲ್ಕನೆಯ ಕೈ ಆಗಷ್ಟೆ ಹಚ್ಚಿದ್ದ, ಕುರ್ಚಿ ಹಸಿಯಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ಗಾದೆಪ್ಪ ಚಪ್ಪರದ ಕಡೆ ಹೋಗಲಿಲ್ಲ. ಅರಗಿನ ಡಬ್ಬಿ ಮುಚ್ಚಳವಿಲ್ಲದೆ ಒಣಗಿ ಕಲ್ಲಾಯಿತು. ಗಿರಾಕಿಗಳು ಬಂದು ಬೈದು ಹೋದರು. ಅವನು ತಿರುಗಿ ಬೈಯಲೂ ಇಲ್ಲ. ಜಡೆಮ್ಮ ಸಿರುಗುಪ್ಪಕ್ಕೆ ಹೋಗದೆ ಉಳಿದಿದ್ದಳು. ನವೆಂಬರಿನ ಮೊದಲ ಭಾನುವಾರ ಬೆಳಿಗ್ಗೆ, ನೀರು ಬಿಸಿಯಿಲ್ಲವೆಂದು ಗಾದೆಪ್ಪ ಚೊಂಬು ಎತ್ತಿ ಗೋಡೆಗೆ ಒಗೆದ. ಅವಳು ಆ ಜಜ್ಜಿದ ಚೊಂಬಿನಲ್ಲೇ ಮತ್ತೆ ನೀರು ತುಂಬಿ ಅವನ ಮುಂದಿಟ್ಟಳು.

"ಏಳು. ಮಕ ತೊಳಕೋ. ನಿಮ್ಮ ಗುಡಿಗೆ ಹೋಗೂಣು."

"ನಾನು ಬರಂಗಿಲ್ಲ. ಈಗ ನೋಡಿದ್ಯಲ್ಲ ನನ್ನ ಗುಣ."

"ನೋಡಿದೆ. ನೀನು ಕೈ ಒಡ್ಡೋದು ನೋಡ್ಬೇಕಂದಿದ್ದಳು ನನ್ನ ತಂಗಿ. ಆಕಿ ಕಣ್ಣಿಲ್ಲ, ನನ್ನವು ಅದಾವು. ನಾನು ನೋಡ್ತೀನಿ."

"ನೀನು ಹುಲಿಗೆಮ್ಮನ ಒಕ್ಕಲು!"

"ಉಣ್ಣಾಕ ಒಕ್ಕಲಾಗಬೇಕೋ ಏನೋ, ನೋಡಾಕ ಯಾರಾದ್ರೇನು? ಏಳಂದ್ರ ಏಳು. ಆ ಕುರ್ಚಿನೂ ತಗೋ. ಆಕೀದದು."

ಗಾದೆಪ್ಪ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬ್ರೂಸ್‌ಪೇಟೆಯ ನಡುವೆ ನಡೆದ. ಹಗ್ಗದಂಗಡಿಯವನು, "ಏನ್ ಗಾದೆಪ್ಪ, ಪಾಲಿಶ್ ಮುಗೀಲಾರದ ಮಾಲು ಹೊರಗ ಬಂತಲ್ಲೋ! ಇವತ್ತು ಮಳಿ ಬರ್ತದ ಬಿಡು" ಎಂದ. ಗಾದೆಪ್ಪ ನಿಲ್ಲದೆ ಮುಂದೆ ನಡೆದ. ಚರ್ಚಿನಲ್ಲಿ ಹೆಂಗಸರ ಕಡೆ ಗೋಡೆಗೆ ಹತ್ತಿಸಿ ಕುರ್ಚಿ ಇಟ್ಟ. ಅದರಲ್ಲಿ ಯಾರೂ ಕೂಡಲಿಲ್ಲ. ಜಡೆಮ್ಮ ಅದರ ಕಾಲ ಬಳಿ ನೆಲಕ್ಕೆ ಕೂತಳು, ಕುರುಗೋಡಿನ ತೇಗದ ಕಾಲನ್ನು ಹಿಡಿದುಕೊಂಡು.

ರೊಟ್ಟಿತಟ್ಟೆ ಎತ್ತಿದಾಗ ಗಾದೆಪ್ಪ ಅಭ್ಯಾಸಬಲದಿಂದ ಎದ್ದ. ಬಾಗಿಲಾಚೆ ಬೇವಿನ ಮರ ಕಂಡಿತು. ತಿರುಗಿ ನೋಡಿದ, ಜಡೆಮ್ಮ ಎವೆ ಇಕ್ಕದೆ ಅವನನ್ನೇ ನೋಡುತ್ತಿದ್ದಳು, ಕೆಲಸ ಒಪ್ಪಿಕೊಂಡ ಆಳಿನ ಹಾಗೆ. ಅವನು ಮುಂದಕ್ಕೆ ನಡೆದು ಮೊಣಕಾಲೂರಿದ. ಪಾದ್ರಿಯ ಪಕ್ಕದಲ್ಲಿ ತಟ್ಟೆ ಹಿಡಿದಿದ್ದವನು ಸಮುವೇಲಪ್ಪನೇ.

"ಸಿಟ್ಟು ಇನ್ನಾ ಐತಿ," ಎಂದ ಗಾದೆಪ್ಪ, ಅವನಿಗಷ್ಟೇ ಕೇಳುವಂತೆ.

"ಗೊತ್ತೈತಿ. ಒಡ್ಡು."

ಉಗುರಿನ ಸಂದಿಯಲ್ಲೆಲ್ಲ ಅರಗಿನ ಕಂದು ಕಲೆ ಇದ್ದ ಕೈಗಳನ್ನು ಗಾದೆಪ್ಪ ಒಡ್ಡಿದ. ಹತ್ತು ವರ್ಷದ ಮೇಲೆ ಆ ತುಣುಕು ಅವನ ಬಾಯಿಗೆ ಬಂತು.

ಕುರ್ಚಿ ಅಲ್ಲೇ ಉಳಿಯಿತು. ನೆಲಕ್ಕೆ ಕೂಡಲಾರದ ಮುದುಕಿಯರು ಸರದಿಯ ಮೇಲೆ ಅದರಲ್ಲಿ ಕೂಡತೊಡಗಿದರು. ಗಾದೆಪ್ಪ ಮತ್ತೆ ಕೆಲಸಕ್ಕೆ ಕೂತ, ಆದರೆ ಅವಸರವಿದ್ದವರಿಗೆ ಮಾಲು ಮೂರನೇ ಕೈಯಲ್ಲಿದ್ದರೂ ಕೊಟ್ಟು ಕಳಿಸುತ್ತಿದ್ದ. "ಮೊದಲು ಕುಂದ್ರಸ್ರಿ. ಹೊಳಪು ಆಮ್ಯಾಲ ನೋಡೂಣು" ಎನ್ನುತ್ತಿದ್ದ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಊರಿನ ಗಾಂಧಿನಗರದಿಂದ ಚರ್ಚಿಗೆ ಬರುತ್ತಿದ್ದ ಒಬ್ಬ ಸಭಾಸದ ಆ ಕುರ್ಚಿಗೆ ಬಾಕಿ ಮೂರು ಕೈ ತಾನೇ ಹಚ್ಚಿಸಿಕೊಡುತ್ತೇನೆಂದು ಮುಂದೆ ಬಂದ. "ಮುಟ್ಟಿ ನೋಡು, ಕೈ ಮುರೀತೀನಿ!" ಎಂದು ಚರ್ಚಿನೊಳಗೇ ಕೂಗಿದ ಗಾದೆಪ್ಪ, ತನ್ನ ಮಾತು ತನ್ನ ಕಿವಿಗೇ ಬಿದ್ದು ತಣ್ಣಗಾದ. ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತ. ಒಳಗೆ ಹಾಡು ಶುರುವಾಯಿತು. ಅವನು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಹಾಡು ಮುಗಿಯುವುದರೊಳಗೆ ಒಳಗೆ ಬಂದು ಕೂತ.